ಮಧುಮೇಹಿಯ ಉಪವಾಸ: ಏರಿದ ಸಕ್ಕರೆಯನ್ನು ಎಷ್ಟು ವೇಗದಲ್ಲಿ ಇಳಿಸಬೇಕು?

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವು ಸಮೀಪಿಸಿತೆಂದರೆ ಮಧುಮೇಹವುಳ್ಳ ಶ್ರಾವಕ-ಶ್ರಾವಿಕೆಯರ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಉಪವಾಸ ಮಾಡಬಹುದೆ, ಬಾರದೆ ಎಂಬುದು ಅದರ ಹೊರರೂಪ. ಅದರ ಒಳಗೆ ಬೇರೊಂದು ಆಸೆ ಅಡಗಿರುವುದುಂಟು. ವರ್ಷಗಟ್ಟಲೆ ಏರಿ ನಿಂತ ರಕ್ತದ ಸಕ್ಕರೆಯನ್ನು ಹತ್ತು ದಿನಗಳ ನಿರಾಹಾರದಿಂದ ಒಮ್ಮೆಲೇ ಕೆಳಗಿಳಿಸಿಬಿಟ್ಟರೆ ವ್ರತವೂ ಸಾಂಗವಾಯಿತು, ರೋಗವೂ ಹೋಯಿತು ಎಂಬುದೇ ಆ ಆಸೆ. ಇದು ಎಲ್ಲಿಯವರೆಗೆ ಸಾಧು, ಎಲ್ಲಿಂದ ಮುಂದೆ ಅಪಾಯಕರ ಎಂಬುದು ಪ್ರಸ್ತುತ ಲೇಖನದ ವಿಚಾರ.

ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿಯ ಒಂದು ಕುಟುಂಬವನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರಿಗೆ 58 ವರ್ಷ. ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ ಹನ್ನೆರಡು ವರ್ಷಗಳಾದವು. ಮಾತ್ರೆಯನ್ನು ಕೆಲವು ತಿಂಗಳು ನುಂಗಿದರು, ಮೈ ಹಗುರವೆನಿಸಿದಾಗ ಬಿಟ್ಟರು. ಈಗ ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳುತ್ತಾರೆ, ಬಾಯಾರಿಕೆ ತಣಿಯದು, ಸ್ವಾಧ್ಯಾಯಕ್ಕೆ ಕುಳಿತರೆ ಅಕ್ಷರಗಳು ಮಸುಕು. ಪರೀಕ್ಷೆ ಮಾಡಿಸಿದಾಗ ಬರಿಹೊಟ್ಟೆಯ ಸಕ್ಕರೆ 260. ಮೂರು ತಿಂಗಳ ಸರಾಸರಿ ಶೇಕಡ 12. ಬೆಂಗಳೂರಿನಲ್ಲಿರುವ ಮಗನಿಗೆ ಒಂದೇ ವಾರದಲ್ಲಿ ತಂದೆಯವರ ಸಕ್ಕರೆ ಸರಿಹೋಗಬೇಕು. ಗೃಹಿಣಿಗೋ, ಪರ್ವ ಹೇಗೂ ಬಂದಿದೆ, ಉಪವಾಸಕ್ಕೆ ಕುಳಿತರೆ ತಾನಾಗಿ ಇಳಿಯುತ್ತದೆ ಎಂಬ ವಿಶ್ವಾಸ. ಯಜಮಾನರು ಇಬ್ಬರ ಮಾತನ್ನೂ ನಡೆಸಲು ನಿಶ್ಚಯಿಸಿ, ಮಾತ್ರೆಯನ್ನು ಇಮ್ಮಡಿಗೊಳಿಸಿ, ಊಟವನ್ನು ತ್ಯಜಿಸಲು ಸಿದ್ಧರಾಗುತ್ತಾರೆ. ಮೂವರಲ್ಲಿ ಯಾರ ಉದ್ದೇಶವೂ ಕೆಟ್ಟದ್ದಲ್ಲ. ಆದರೂ ಈ ನಿಶ್ಚಯವು ಅವರ ಕಣ್ಣಿಗೂ ಕಾಲಿಗೂ, ಒಮ್ಮೊಮ್ಮೆ ಪ್ರಾಣಕ್ಕೂ ಎರವಾಗಬಲ್ಲುದು.

ಮೊದಲು ಆ 12 ಎಂಬ ಅಂಕಿಯ ಅರ್ಥವನ್ನು ಅರಿಯಬೇಕು. ರಕ್ತದಲ್ಲಿರುವ ಸಕ್ಕರೆಯು ಕೆಂಪು ಕಣಗಳೊಳಗಿನ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಆದುದರಿಂದ ಹಾಗೆ ಅಂಟಿದ ಭಾಗವನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಸಿಕ್ಕಂತಾಗುತ್ತದೆ. ಇದನ್ನೇ ಎಚ್‌ಬಿಎ1ಸಿ ಎನ್ನುವರು. ಅದು ಶೇ 7 ಇದ್ದರೆ ಸರಾಸರಿ ಸಕ್ಕರೆ ಡೆಸಿಲೀಟರಿಗೆ ಸುಮಾರು 154 ಮಿಲಿಗ್ರಾಂ. 9 ಇದ್ದರೆ 212. 12 ಇದ್ದರೆ ಸುಮಾರು 298. ಸಿಂಗಟಗೆರೆಯ ಆ ಗೃಹಸ್ಥರ ದೇಹವು ಹಗಲಿರುಳು ಮುನ್ನೂರರ ಆಸುಪಾಸಿನ ಸಕ್ಕರೆಯಲ್ಲಿ ಮುಳುಗಿದೆ. ಅದು ನಿನ್ನೆ ಮೊನ್ನೆಯ ಮಾತಲ್ಲ. ಹತ್ತು ದಿನಗಳ ಉಪವಾಸದ ತರುವಾಯ ಬೆರಳು ಚುಚ್ಚಿ ನೋಡಿ ಗ್ಲೂಕೋಮೀಟರಿನಲ್ಲಿ 110 ಕಂಡೊಡನೆ ರೋಗ ಹೋಯಿತೆಂದು ಹಿಗ್ಗುವುದು ಈ ಕಾರಣದಿಂದಲೇ ಭ್ರಾಂತಿ.

ಸಕ್ಕರೆಯನ್ನು ಇಳಿಸಲೇಬೇಕು ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ನಿಧಾನದ ಮಾತು ಬಂದೊಡನೆ ಸೋಮಾರಿತನಕ್ಕೆ ಅಪ್ಪಣೆ ಸಿಕ್ಕಿತೆಂದು ತಿಳಿಯುವವರಿರುವುದರಿಂದ ಇದನ್ನು ಮೊದಲೇ ಹೇಳಬೇಕಾಗಿದೆ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ಒಂದು ದೀರ್ಘ ಅಧ್ಯಯನದಲ್ಲಿ, ಆಗ ತಾನೇ ಎರಡನೆಯ ಬಗೆಯ ಮಧುಮೇಹ ಪತ್ತೆಯಾದ 5,102 ಮಂದಿಯನ್ನು ಸೇರಿಸಿಕೊಳ್ಳಲಾಯಿತು. 1998ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಿಗಿಯಾದ ಚಿಕಿತ್ಸೆ ಪಡೆದವರ ಸರಾಸರಿ ಶೇ 7.0 ಇದ್ದರೆ ಸಾಮಾನ್ಯ ಚಿಕಿತ್ಸೆಯವರದು 7.9. ಇಷ್ಟು ಅಲ್ಪ ಅಂತರವೇ ಕಣ್ಣು, ಮೂತ್ರಪಿಂಡ ಮೊದಲಾದ ಸೂಕ್ಷ್ಮ ರಕ್ತನಾಳಗಳ ತೊಂದರೆಗಳನ್ನು ಕಾಲು ಭಾಗದಷ್ಟು ತಗ್ಗಿಸಿತು. ಆ ಬಳಿಕ ಇನ್ನೊಂದು ಸಂಗತಿ ಹೊರಬಿತ್ತು. ಅಧ್ಯಯನ ಮುಗಿದ ಒಂದು ವರ್ಷದೊಳಗೆ ಎರಡೂ ಗುಂಪುಗಳ ಸಕ್ಕರೆ ಸಮನಾಯಿತು. ಆದರೆ ಹತ್ತು ವರ್ಷ ಕಳೆದು 2008ರಲ್ಲಿ ನೋಡಿದಾಗಲೂ, ಮೊದಲು ಬಿಗಿಯಾಗಿ ನಡೆದುಕೊಂಡವರಲ್ಲಿ ಹೃದಯಾಘಾತ ಮತ್ತು ಸಾವು ಕಡಿಮೆಯೇ ಇದ್ದವು. ದೇಹವು ಹಳೆಯ ಸಂಯಮವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಹಳೆಯ ಅಸಂಯಮವನ್ನೂ ಹಾಗೆಯೇ. ಆದ್ದರಿಂದ ರೋಗವು ಹೊಸದಾಗಿ ಪತ್ತೆಯಾದವರು ತಡಮಾಡದೆ, ಕೆಲವೇ ತಿಂಗಳುಗಳಲ್ಲಿ ಸಕ್ಕರೆಯನ್ನು ಗುರಿಗೆ ತರುವುದು ಯುಕ್ತ. ಅವರಲ್ಲಿ ಅನೇಕರ ನಾಳಗಳಿಗೆ ಹೆಚ್ಚಿನ ಏಟು ಇನ್ನೂ ಬಿದ್ದಿರುವುದಿಲ್ಲ. ಶೀಘ್ರ ಇಳಿತದಿಂದ ಹಾನಿಯ ಸಂಭವವೂ ಕಡಿಮೆ. ಭಾರತದಲ್ಲಿ ಇಂಥವರ ಸಂಖ್ಯೆ ಅಲ್ಪವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ ಮಧುಮೇಹವಿದೆಯೆಂದು ತಿಳಿಸಿತು. ಎಂದರೆ ಸುಮಾರು ಹತ್ತು ಕೋಟಿ ಜನ.

ಹನ್ನೆರಡು ವರ್ಷ ನಿರ್ಲಕ್ಷಿಸಿದವರ ವಿಷಯ ಬೇರೆ. ಇಲ್ಲಿಂದ ವಿಚಾರ ಸ್ವಲ್ಪ ಸೂಕ್ಷ್ಮವಾಗುತ್ತದೆ.

ಕಣ್ಣಿನ ಹಿಂಬದಿಯ ಅಕ್ಷಿಪಟದಲ್ಲಿ ನವುರಾದ ರಕ್ತನಾಳಗಳಿವೆ. ದೀರ್ಘಕಾಲದ ಸಕ್ಕರೆಯಿಂದ ಅವು ಸೋರತೊಡಗುತ್ತವೆ, ಅಲ್ಲಲ್ಲಿ ಕಟ್ಟಿಕೊಳ್ಳುತ್ತವೆ. ನೋವಿಲ್ಲ, ದೃಷ್ಟಿಯೂ ಬಹುಕಾಲ ಚೆನ್ನಾಗಿಯೇ ಇರುತ್ತದೆ. ಈ ಸ್ಥಿತಿಯಲ್ಲಿ ಸಕ್ಕರೆಯನ್ನು ಥಟ್ಟನೆ ಬಹಳ ಕೆಳಗಿಳಿಸಿದಾಗ ಅಕ್ಷಿಪಟವು ಸುಧಾರಿಸುವ ಬದಲು ಮೊದಲ ಒಂದು ವರ್ಷದಲ್ಲಿ ಇನ್ನಷ್ಟು ಕೆಡಬಹುದೆಂಬುದು 1980ರ ದಶಕದಿಂದಲೇ ವೈದ್ಯರ ಗಮನಕ್ಕೆ ಬಂದಿದೆ. ಅಮೆರಿಕ ಮತ್ತು ಕೆನಡಾಗಳಲ್ಲಿ ಮೊದಲನೆಯ ಬಗೆಯ ಮಧುಮೇಹಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಬಿಗಿ ಚಿಕಿತ್ಸೆ ಪಡೆದವರ ಪೈಕಿ ಶೇ 13.1ರಷ್ಟು ಮಂದಿಯಲ್ಲಿ ಮೊದಲ ವರ್ಷದೊಳಗೆ ಈ ಹದಗೆಡುವಿಕೆ ಕಂಡಿತು. ಸಾಮಾನ್ಯ ಚಿಕಿತ್ಸೆಯವರಲ್ಲಿ ಶೇ 7.6. ಆದರೆ ವರ್ಷಗಳು ಉರುಳಿದಂತೆ ಬಿಗಿ ಚಿಕಿತ್ಸೆಯವರ ಕಣ್ಣುಗಳೇ ಬಹುಪಾಲು ಉಳಿದವು. ಮೊದಲ ಏಟನ್ನು ತಾಳಿಕೊಂಡರೆ ಮುಂದೆ ಲಾಭವೇ ಎಂದಾಯಿತು. ಹೊಸ ಔಷಧಗಳಲ್ಲೂ ಇದೇ ಕಥೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಎಂಬ ಔಷಧವನ್ನು 3,297 ಮಂದಿ ಎರಡನೆಯ ಬಗೆಯ ಮಧುಮೇಹಿಗಳಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದಾಗ, ಅಕ್ಷಿಪಟದ ತೊಡಕುಗಳು ಔಷಧ ಪಡೆದವರಲ್ಲಿ ಶೇ 3.0, ಪಡೆಯದವರಲ್ಲಿ ಶೇ 1.8 ಇದ್ದವು. ಸಕ್ಕರೆಯು ವೇಗವಾಗಿ ಇಳಿದುದೇ ಇದಕ್ಕೆ ಮುಖ್ಯ ಕಾರಣವಿರಬೇಕೆಂದು ಪರಿಣತರ ಅಭಿಪ್ರಾಯ. ತೊಂದರೆಗೊಳಗಾದ ಬಹುತೇಕರಿಗೆ ಮೊದಲೇ ಅಕ್ಷಿಪಟ ಕೆಟ್ಟಿತ್ತು.

ಇಲ್ಲಿ ಪ್ರಾಮಾಣಿಕವಾಗಿ ಒಪ್ಪಬೇಕಾದ ಒಂದು ಅಂಶವಿದೆ. ನಿಧಾನವಾಗಿ ಇಳಿಸಿದರೆ ಕಣ್ಣು ಖಂಡಿತ ಉಳಿಯುತ್ತದೆ ಎಂಬುದಕ್ಕೆ ಮೇಲೆ ಹೇಳಿದ 1993ರ ಅಧ್ಯಯನದಲ್ಲಿ ಆಧಾರ ದೊರೆಯಲಿಲ್ಲ. ಆರಂಭದಲ್ಲಿ ಸಕ್ಕರೆ ಎಷ್ಟು ಎತ್ತರದಲ್ಲಿತ್ತು, ಮೊದಲ ಆರು ತಿಂಗಳಲ್ಲಿ ಒಟ್ಟು ಎಷ್ಟು ಇಳಿಯಿತು ಎಂಬುವೇ ಅಪಾಯವನ್ನು ನಿರ್ಧರಿಸಿದವು. ಹೀಗಿರಲಾಗಿ ಕಣ್ಣಿನ ವಿಷಯದಲ್ಲಿ ವೇಗಕ್ಕಿಂತಲೂ ಮುಖ್ಯವಾದದ್ದು ಕ್ರಮ. ಚಿಕಿತ್ಸೆಯನ್ನು ಬಿಗಿಗೊಳಿಸುವ ಮುನ್ನ ಕಣ್ಣಿಗೆ ಹನಿ ಹಾಕಿಸಿ, ಪಾಪೆ ಹಿಗ್ಗಿಸಿ ಅಕ್ಷಿಪಟವನ್ನು ಪರೀಕ್ಷಿಸಿಕೊಳ್ಳಬೇಕು. ಕೆಟ್ಟಿದ್ದರೆ ಲೇಸರ್ ಅಥವಾ ಚುಚ್ಚುಮದ್ದಿನ ಚಿಕಿತ್ಸೆ ಮೊದಲು, ಸಕ್ಕರೆಯ ಇಳಿತ ಅದರ ಜೊತೆಜೊತೆಗೆ. ಚೆನ್ನಾಗಿದ್ದರೆ ಹೆದರುವ ಕಾರಣವಿಲ್ಲ. ಕನ್ನಡಕದ ಅಂಗಡಿಯಲ್ಲಿ ಅಕ್ಷರದ ಹಲಗೆ ಓದಿಸುವುದು ಈ ಪರೀಕ್ಷೆಯಲ್ಲ ಎಂಬುದನ್ನು ಬಹಳ ಜನ ಅರಿಯರು. ಕಡೂರು ಸೀಮೆಯವರಿಗೆ ಚಿಕ್ಕಮಗಳೂರು, ಹಾಸನ, ಶಿವಮೊಗ್ಗಗಳ ಸರ್ಕಾರಿ ಆಸ್ಪತ್ರೆಗಳ ನೇತ್ರ ವಿಭಾಗಗಳಾಗಲಿ, ಶಿವಮೊಗ್ಗದ ಶಂಕರ ಕಣ್ಣಿನ ಆಸ್ಪತ್ರೆಯಾಗಲಿ ದೂರವಲ್ಲ. ಒಂದು ಹಗಲಿನ ಕೆಲಸ.

ಅಕ್ಷಿಪಟದ ಮಾತು ಹೀಗಾದರೆ, ಸಕ್ಕರೆ ಇಳಿಯತೊಡಗಿದಾಗ ದೃಷ್ಟಿ ಮಸುಕಾಗುವುದು ಬೇರೆಯೇ ವಿಷಯ. ಕಣ್ಣಿನ ಮಸೂರವು ಸಕ್ಕರೆಯ ಏರಿಳಿತಕ್ಕೆ ತಕ್ಕಂತೆ ಊದಿಕೊಳ್ಳುವುದೂ ಕುಗ್ಗುವುದೂ ಉಂಟು. ಕೆಲವು ವಾರಗಳಲ್ಲಿ ಅದು ಸ್ಥಿಮಿತಕ್ಕೆ ಬರುತ್ತದೆ. ಅಲ್ಲಿಯವರೆಗೆ ಹೊಸ ಕನ್ನಡಕಕ್ಕೆ ಹಣ ಸುರಿಯುವುದು ವ್ಯರ್ಥ.

ನರಗಳ ವಿಷಯದಲ್ಲಿ ವೇಗದ ಕೆಡುಕು ಇನ್ನೂ ಸ್ಪಷ್ಟ. ಇನ್ಸುಲಿನ್ ಬಳಕೆಗೆ ಬಂದ ಹೊಸತರಲ್ಲೇ, 1933ರಲ್ಲಿ, ಅದನ್ನು ಆರಂಭಿಸಿದ ರೋಗಿಯೊಬ್ಬರಿಗೆ ಕಾಲುಗಳಲ್ಲಿ ತೀವ್ರ ನೋವು ಕಾಣಿಸಿಕೊಂಡುದನ್ನು ವೈದ್ಯರು ದಾಖಲಿಸಿದ್ದರು. ತಪ್ಪು ಇನ್ಸುಲಿನ್ನಿನದೆಂದು ಆಗ ತಿಳಿಯಲಾಗಿತ್ತು. ಮಾತ್ರೆಯಿಂದ ಇಳಿಸಿದರೂ, ಕೇವಲ ಆಹಾರ ತ್ಯಾಗದಿಂದ ಇಳಿಸಿದರೂ ಇದು ಸಂಭವಿಸುವುದೆಂದು ಅನಂತರ ಗೊತ್ತಾಯಿತು. ಈ ಮಾತನ್ನು ವ್ರತನಿಷ್ಠರು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕದ್ದು. ಸಕ್ಕರೆ ಇಳಿದ ಸುಮಾರು ಎಂಟು ವಾರಗಳೊಳಗೆ ಅಂಗಾಲು ಕೆಂಡದ ಮೇಲಿಟ್ಟಂತೆ ಉರಿಯತೊಡಗುತ್ತದೆ. ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗದು. ಎದ್ದು ನಿಂತರೆ ತಲೆ ಸುತ್ತುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನವು ಇದಕ್ಕೆ ಲೆಕ್ಕ ಕೊಟ್ಟಿತು. ಮೂರು ತಿಂಗಳ ಅವಧಿಯಲ್ಲಿ ಎಚ್‌ಬಿಎ1ಸಿಯು 2ರಿಂದ 3 ಅಂಶಗಳಷ್ಟು ಇಳಿದವರಲ್ಲಿ ಐವರಿಗೊಬ್ಬರಂತೆ ಈ ನೋವು. 4 ಅಂಶಗಳಿಗಿಂತ ಹೆಚ್ಚು ಇಳಿದವರಲ್ಲಿ ಶೇ 80ಕ್ಕೂ ಮೀರಿ. ನರಗಳ ತೊಂದರೆಗೆಂದೇ ಬಂದವರನ್ನು ನೋಡುವ ಚಿಕಿತ್ಸಾಲಯದ ಅಂಕಿಗಳಾದುದರಿಂದ ಊರೂರಿನ ರೋಗಿಗಳಿಗೆ ಇವನ್ನು ಹಾಗೆಯೇ ಹೊಂದಿಸಬಾರದು. ಆದರೆ ದಿಕ್ಕು ಮಾತ್ರ ಸಂದೇಹಾತೀತ. ದೀರ್ಘಕಾಲ ಏರಿದ ಸಕ್ಕರೆಯುಳ್ಳವರಲ್ಲಿ ಮೂರು ತಿಂಗಳಿಗೆ ಸುಮಾರು 2 ಅಂಶಗಳಿಗಿಂತ ಹೆಚ್ಚು ಇಳಿಸದಿರುವುದು ಒಳ್ಳೆಯದೆಂಬ ವೈದ್ಯರ ಎಚ್ಚರಿಕೆಗೆ ಇದೇ ಆಧಾರ. ಸಮಾಧಾನದ ಸಂಗತಿಯೆಂದರೆ, ತಿಂಗಳುಗಳು ಕಳೆದಂತೆ ಈ ನೋವು ಬಹುಮಂದಿಯಲ್ಲಿ ಶಮನವಾಗುತ್ತದೆ. ಆದರೆ ಉರಿ ತಾಳಲಾರದೆ ಚಿಕಿತ್ಸೆಯನ್ನೇ ಬಿಟ್ಟುಬಿಡುವವರೂ ಇದ್ದಾರೆ. ಔಷಧದಿಂದಲೇ ರೋಗ ಬಂತೆಂದು ಅವರು ತಿಳಿದರೆ ಅವರನ್ನು ದೂರುವಂತಿಲ್ಲ. ಮೊದಲೇ ಯಾರೂ ಹೇಳಿರುವುದಿಲ್ಲ.

ಹೃದಯದ ವಿಷಯಕ್ಕೆ ಬಂದರೆ 2008ನೆಯ ವರ್ಷ ಸ್ಮರಣೀಯ. ಅಮೆರಿಕ ಮತ್ತು ಕೆನಡಾಗಳಲ್ಲಿ ಅಕಾರ್ಡ್ ಎಂಬ ಅಧ್ಯಯನವು 10,251 ಮಂದಿಯನ್ನು ಸೇರಿಸಿಕೊಂಡಿತ್ತು. ಅವರ ಸರಾಸರಿ ವಯಸ್ಸು 62; ರೋಗ ಹತ್ತು ವರ್ಷ ಹಳೆಯದು; ಹೃದ್ರೋಗವಾಗಲಿ ಅದರ ಅಪಾಯವಾಗಲಿ ಎಲ್ಲರಿಗೂ ಇತ್ತು. ಒಂದು ಗುಂಪಿನ ಗುರಿ ಶೇ 6ಕ್ಕೂ ಕೆಳಗೆ, ಇನ್ನೊಂದರದು 7ರಿಂದ 7.9. ಮೊದಲ ಗುಂಪಿನವರ ಸಕ್ಕರೆಯನ್ನು ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟು ನಾಲ್ಕೇ ತಿಂಗಳಲ್ಲಿ 8.1ರಿಂದ 6.7ಕ್ಕೆ ತರಲಾಯಿತು. ಮೂರೂವರೆ ವರ್ಷಗಳಲ್ಲಿ ಅವರ ಪೈಕಿ 257 ಮಂದಿ ತೀರಿಕೊಂಡರು. ಇನ್ನೊಂದು ಗುಂಪಿನಲ್ಲಿ 203. ಬಿಗಿ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ವೈದ್ಯಕೀಯ ನೆರವು ಬೇಕಾಗುವಷ್ಟು ಸಕ್ಕರೆ ಕುಸಿದವರು ಆ ಗುಂಪಿನಲ್ಲಿ ಮೂರು ಪಟ್ಟು. ಅದೇ ವರ್ಷ ಪ್ರಕಟವಾದ ಅಡ್ವಾನ್ಸ್ ಎಂಬ ಇನ್ನೊಂದು ಅಧ್ಯಯನದಲ್ಲಿ 11,140 ಮಂದಿಯ ಪೈಕಿ ಬಿಗಿ ಚಿಕಿತ್ಸೆಯ ಗುಂಪಿನವರ ಸಕ್ಕರೆಯನ್ನು ಮೆಲ್ಲಮೆಲ್ಲನೆ 6.5ಕ್ಕೆ ಇಳಿಸಲಾಗಿತ್ತು. ಅಲ್ಲಿ ಸಾವು ಹೆಚ್ಚಲಿಲ್ಲ, ಮೂತ್ರಪಿಂಡಗಳಿಗೆ ಲಾಭವೂ ಆಯಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ವೇಗವೇ ಕೊಂದಿತೆಂದು ಕೆಲವರು ತೀರ್ಪಿತ್ತರು. ಆ ತೀರ್ಪು ನಿಲ್ಲಲಿಲ್ಲ. 2010ರ ಮರುಪರಿಶೀಲನೆಯಲ್ಲಿ ಕಂಡುದೇನೆಂದರೆ, ಬಿಗಿ ಗುಂಪಿನಲ್ಲಿ ಹೆಚ್ಚು ಸತ್ತವರು ಸಕ್ಕರೆ ಬೇಗ ಇಳಿದವರಲ್ಲ. ಔಷಧದ ಮೇಲೆ ಔಷಧ ಹೇರಿದರೂ ಇಳಿಯದೆ ಉಳಿದವರು. ಅಂದರೆ ಒಗ್ಗದ ದೇಹವನ್ನು ಬಲವಂತದಿಂದ ಬಗ್ಗಿಸಲು ಹೋದಲ್ಲಿ ಅಪಾಯವಿತ್ತು. ಹೃದ್ರೋಗವಿರುವ ವೃದ್ಧರಿಗೆ ಶೇ 8ರ ಆಸುಪಾಸನ್ನೇ ಗುರಿಯಾಗಿ ಇಂದು ವೈದ್ಯರು ಒಪ್ಪುವುದು ಇಂಥ ಅನುಭವಗಳಿಂದ.

ದೇಹದ ಒಗ್ಗಿಕೆಗೆ ಮತ್ತೊಂದು ಸಾಕ್ಷ್ಯವಿದೆ. ಮುನ್ನೂರಕ್ಕೆ ಒಗ್ಗಿದವರ ಸಕ್ಕರೆ 120ಕ್ಕೆ ಬಂದಾಗಲೇ ಕೈ ನಡುಗಿ, ಬೆವರಿ, ಎದೆ ಡವಗುಟ್ಟುವುದುಂಟು. ಅಪಾಯವಿಲ್ಲದಿದ್ದರೂ ದೇಹವು ಗಂಟೆ ಬಾರಿಸುತ್ತದೆ. ಆಗ ಗ್ಲೂಕೋಮೀಟರಿನಲ್ಲಿ ನೋಡಿ, 70ಕ್ಕಿಂತ ಮೇಲಿದ್ದರೆ ಗಾಬರಿಯಿಂದ ಸಿಹಿ ತಿನ್ನದೆ ಲಘು ಆಹಾರ ಸೇವಿಸಿದರೆ ಸಾಕು. ಕೆಲವು ವಾರಗಳಲ್ಲಿ ದೇಹ ಹೊಸ ಮಟ್ಟಕ್ಕೆ ಹೊಂದಿಕೊಳ್ಳುತ್ತದೆ. ಅಳೆದು ನೋಡದೆ ಇದು ಸುಳ್ಳು ಗಂಟೆಯೆಂದು ನಿರ್ಧರಿಸುವುದು ಮಾತ್ರ ಸಲ್ಲದು. 70ಕ್ಕೆ ಕೆಳಗೆ ಇಳಿದಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ತರುವಾಯ ಮತ್ತೆ ನೋಡಬೇಕು.

ಸಕ್ಕರೆ ಆರುನೂರನ್ನು ಮೀರಿ, ದೇಹದ ನೀರೆಲ್ಲ ಮೂತ್ರವಾಗಿ ಹರಿದು, ಮಂಪರು ಕವಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುವವರೂ ಉಂಟು. ಕಡೂರಿನಂಥ ಬಯಲುಸೀಮೆಯ ಬೇಸಗೆಯಲ್ಲಿ ಇದು ಊಹಿಸಲಾರದ ಸಂಗತಿಯಲ್ಲ. ಅಲ್ಲಿಯೂ ಕೂಡ ಮೊದಲು ಕೊಡುವುದು ನೀರು, ಲವಣಗಳು. ಅನಂತರ ಅಳೆದು ಇನ್ಸುಲಿನ್. ಸಕ್ಕರೆಯು ಗಂಟೆಗೆ 90 ಮಿಲಿಗ್ರಾಂಗಿಂತ ಹೆಚ್ಚು ಇಳಿಯದಂತೆ ವೈದ್ಯರು ಕಾಯುತ್ತಾರೆ. ಥಟ್ಟನೆ ಇಳಿದರೆ ಮಿದುಳಿಗೆ ನೀರು ತುಂಬುವ ಭಯವಿದೆ. ತುರ್ತಿನಲ್ಲಿಯೂ ಅಳತೆಯಿದೆ ಎಂದ ಮೇಲೆ ಮನೆಯಲ್ಲಿ ತಾವೇ ಮಾತ್ರೆ ಇಮ್ಮಡಿಗೊಳಿಸುವುದರ ಯೋಗ್ಯತೆಯನ್ನು ವಾಚಕರೇ ತೂಗಿ ನೋಡಬಹುದು.

ಇನ್ನು ಉಪವಾಸದ ವಿಚಾರ. ಹಸಿವಿನಿಂದ ಸಕ್ಕರೆ ಇಳಿಯುವುದು ಹೊಸ ಶೋಧವಲ್ಲ. 1870ರಲ್ಲಿ ಪ್ಯಾರಿಸ್ ನಗರವು ಮುತ್ತಿಗೆಗೆ ಸಿಲುಕಿ ಜನ ಅನ್ನಕ್ಕೆ ಪರದಾಡಿದಾಗ ಬುಶಾರ್ದಾ ಎಂಬ ವೈದ್ಯರು ತಮ್ಮ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಮಾಯವಾದುದನ್ನು ಗಮನಿಸಿದ್ದರು. ಇನ್ಸುಲಿನ್ ದೊರೆಯುವ ಮೊದಲು, 1910ರ ದಶಕದಲ್ಲಿ, ಅಮೆರಿಕದ ಫ್ರೆಡರಿಕ್ ಅಲೆನ್ ಎಂಬುವರು ಮೂತ್ರದಲ್ಲಿ ಸಕ್ಕರೆ ನಿಲ್ಲುವವರೆಗೂ ರೋಗಿಗಳನ್ನು ಉಪವಾಸ ಕೆಡಹುತ್ತಿದ್ದರು. ಸಕ್ಕರೆ ನಿಂತಿತು, ಆದರೆ ಅವರ ಎಳೆಯ ರೋಗಿಗಳು ಎಲುಬಿನ ಹಂದರಗಳಾದರು. 1922ರಲ್ಲಿ ಇನ್ಸುಲಿನ್ ಬಂದ ಬಳಿಕ ಆ ಪದ್ಧತಿ ಕೈಬಿಟ್ಟುಹೋಯಿತು. ನಮ್ಮ ಕಾಲದಲ್ಲಿ ಅದರ ಸೌಮ್ಯ ರೂಪವೊಂದು ಮರಳಿದೆ. ಬ್ರಿಟನ್ನಿನಲ್ಲಿ ರೋಗ ಬಂದು ಆರು ವರ್ಷ ಮೀರದ, ಇನ್ಸುಲಿನ್ ಬೇಡದ ಸ್ಥೂಲಕಾಯರಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರವನ್ನು ಮೂರರಿಂದ ಐದು ತಿಂಗಳು ಕೊಟ್ಟು ನೋಡಿದಾಗ, ಒಂದು ವರ್ಷದ ಕೊನೆಗೆ ಶೇ 46ರಷ್ಟು ಮಂದಿ ಔಷಧವಿಲ್ಲದೆ ರೋಗಮುಕ್ತ ಸ್ಥಿತಿಯಲ್ಲಿದ್ದರು. ಈ ಅಧ್ಯಯನವು 2017ರ ಕೊನೆಗೆ ಪ್ರಕಟವಾಯಿತು. ಇದರಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು: ರೋಗ ಹೊಸದು, ಆಹಾರ ಕಡಿತಗೊಳಿಸಿದ ದಿನವೇ ಸಕ್ಕರೆಯ ಮಾತ್ರೆಗಳನ್ನು ನಿಲ್ಲಿಸಲಾಗಿತ್ತು. ಸಿಂಗಟಗೆರೆಯ ದೃಷ್ಟಾಂತದಲ್ಲಿ ರೋಗ ಹಳೆಯದು, ಮಾತ್ರೆ ಇಮ್ಮಡಿ.

ಮಾತ್ರೆಗಳೆಲ್ಲ ಒಂದೇ ಗುಣದವಲ್ಲ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಉಪವಾಸದಲ್ಲಿ ಸಕ್ಕರೆ ಕುಸಿಯುವ ಭಯ ಬಹಳ ಕಡಿಮೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದವು ಹಾಗಲ್ಲ. ಊಟ ಬಂದಿದೆಯೋ ಇಲ್ಲವೋ ಎಂದು ಕೇಳದೆ ಅವು ದೇಹದಿಂದ ಇನ್ಸುಲಿನ್ನನ್ನು ಹೊರಡಿಸುತ್ತವೆ. ಇವನ್ನು ನುಂಗಿ ನಿರಾಹಾರವಿರುವುದು ನೇರವಾಗಿ ಕುಸಿತವನ್ನು ಆಹ್ವಾನಿಸಿದಂತೆ. ವೃದ್ಧರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ ಈ ಕುಸಿತ ಗಂಟೆಗಟ್ಟಲೆ ಮರುಕಳಿಸುತ್ತದೆ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳದು ಬೇರೊಂದು ಅಪಾಯ. ದೀರ್ಘ ಉಪವಾಸದಲ್ಲಿ ಇವನ್ನು ಮುಂದುವರಿಸಿದರೆ ರಕ್ತವು ಆಮ್ಲಮಯವಾಗಬಹುದು. ಆಗ ಗ್ಲೂಕೋಮೀಟರ್ ಸಾಮಾನ್ಯ ಅಂಕಿಯನ್ನೇ ತೋರಿಸಿ ಮೋಸಗೊಳಿಸುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಉಪವಾಸದ ಆಯಾಸವೆಂದು ಸುಮ್ಮನಿರದೆ ಆಸ್ಪತ್ರೆಗೆ ಹೋಗತಕ್ಕದ್ದು. ಇಂಥ ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂಬುದನ್ನು ವ್ರತ ಸಂಕಲ್ಪಕ್ಕೆ ಮುನ್ನ ವೈದ್ಯರಲ್ಲಿ ಕೇಳಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು ಪ್ರಮಾಣವನ್ನು ತಾವಾಗಿ ಬದಲಿಸಲೂ ಬಾರದು, ಪೂರ್ತಿ ಬಿಡಲೂ ಬಾರದು.

ನೀರನ್ನೂ ತ್ಯಜಿಸುವ ಉಪವಾಸವು, ಸಕ್ಕರೆ ಮುನ್ನೂರರಲ್ಲಿರುವವರಿಗೆ ಸರ್ವಥಾ ಹೊಂದದು. ಮೂತ್ರದಲ್ಲಿ ನೀರು ಹೋಗುತ್ತಲೇ ಇರುತ್ತದೆ, ಒಳಗೆ ಬರುವುದಿಲ್ಲ. ಮುಸಲ್ಮಾನ ಬಾಂಧವರ ರಮಜಾನ್ ಉಪವಾಸಕ್ಕಾಗಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಸಿದ್ಧಪಡಿಸಿದ ಮಾರ್ಗದರ್ಶಿಯಲ್ಲಿ ಸಕ್ಕರೆಯು 70ಕ್ಕೆ ಇಳಿದರೆ ಅಥವಾ 300 ಮೀರಿದರೆ ಉಪವಾಸವನ್ನು ತಕ್ಷಣ ಬಿಡಬೇಕೆಂದಿದೆ. ಈ ಎರಡು ಗಡಿಗಳನ್ನು ಜೈನ ವ್ರತಿಗಳೂ ನೆನಪಿನಲ್ಲಿಡುವುದು ಕ್ಷೇಮ. ಬೆರಳು ಚುಚ್ಚಿ ನೋಡುವುದರಿಂದ ಉಪವಾಸಕ್ಕೆ ಭಂಗವಿಲ್ಲ. ಸಕ್ಕರೆ ಕುಸಿದಾಗ ಸಿಹಿನೀರು ಕುಡಿದರೆ ವ್ರತಭಂಗದ ದೋಷ ತಟ್ಟುವುದೆಂದು ಹೆದರುವವರಿದ್ದಾರೆ. ಪ್ರತ್ಯಾಖ್ಯಾನದಲ್ಲಿ ಆಗಾರಗಳೆಂಬ ವಿನಾಯಿತಿಗಳನ್ನು ಇಟ್ಟುಕೊಳ್ಳುವ ಪದ್ಧತಿ ಇರುವುದೇ ಇಂಥ ಸಂದರ್ಭಗಳಿಗಾಗಿ. ಸಂಕಲ್ಪ ಮಾಡುವಾಗಲೇ ಅದನ್ನು ಗುರುಗಳ ಸಮ್ಮುಖದಲ್ಲಿ ಸ್ಪಷ್ಟಪಡಿಸಿಕೊಂಡರೆ ಆಮೇಲೆ ಮನಸ್ಸು ತೊಳಲಾಡದು. ಷೋಡಶ ಭಾವನೆಗಳಲ್ಲಿ ತಪಸ್ಸಿಗೂ ತ್ಯಾಗಕ್ಕೂ ಶಕ್ತಿತಃ ಎಂಬ ವಿಶೇಷಣವಿದೆ ಎಂಬುದು ವಾಚಕರಿಗೆ ತಿಳಿದದ್ದೇ.

ಬಾಹ್ಯ ತಪಸ್ಸುಗಳು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ಸಕ್ಕರೆಯನ್ನು ಹದವಾಗಿ ಇಳಿಸಬೇಕಾದವರಿಗೆ ಉಳಿದವುಗಳಲ್ಲಿಯೇ ಹೆಚ್ಚು ಅನುಕೂಲವಿದೆ. ಅವಮೌದರ್ಯವೆಂದರೆ ಹೊಟ್ಟೆಯನ್ನು ಸ್ವಲ್ಪ ಬರಿದಾಗಿ ಬಿಡುವುದು. ದಿನವೂ ಎರಡು ಮುದ್ದೆ ಉಣ್ಣುವವರು ಒಂದಕ್ಕೆ ಇಳಿದು, ಹುರುಳಿ, ಅವರೆ, ಹೆಸರುಕಾಳುಗಳ ಸಾರನ್ನು ಹೆಚ್ಚಿಸಿಕೊಂಡರೆ ತಿಂಗಳೊಳಗೆ ಫಲ ಕಾಣುತ್ತದೆ. ರಾಗಿಯಿಂದ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ಈ ಸೀಮೆಯಲ್ಲಿ ಬಲವಾಗಿದೆ. ಅದು ಅರ್ಧ ಸತ್ಯ. ನುಣ್ಣಗೆ ಬೀಸಿ ಬೇಯಿಸಿದ ದೊಡ್ಡ ಮುದ್ದೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಗೆಡ್ಡೆಗಳನ್ನು ವರ್ಜಿಸಿದ ಜೈನ ಊಟದಲ್ಲಿ ಆಲೂಗಡ್ಡೆಯ ಕಾಟವಿಲ್ಲ, ಅನ್ನದ ಕಾಟ ಉಂಟು. ರಸಪರಿತ್ಯಾಗದ ಆರು ರಸಗಳಲ್ಲಿ ಬೆಲ್ಲ-ಸಕ್ಕರೆಗಳೂ ಸೇರಿವೆ. ಚಾತುರ್ಮಾಸದ ನಾಲ್ಕು ತಿಂಗಳು ಅದೊಂದನ್ನೇ ನಿಷ್ಠೆಯಿಂದ ಬಿಟ್ಟರೂ ಮಧುಮೇಹಿಗೆ ಹತ್ತು ದಿನಗಳ ಅನಶನಕ್ಕಿಂತ ಮಿಗಿಲಾದ ಲಾಭ. ಸೂರ್ಯಾಸ್ತದ ಮೊದಲೇ ಉಣ್ಣುವ ಅನಸ್ತಮಿತ ವ್ರತವು ಒಳ್ಳೆಯದೇ. ಆದರೆ ಸಂಜೆ ಆರಕ್ಕೆ ಊಟ ಮುಗಿಸಿ, ಗ್ಲಿಮೆಪಿರೈಡನ್ನೋ ಇನ್ಸುಲಿನ್ನನ್ನೋ ರಾತ್ರಿ ಒಂಬತ್ತಕ್ಕೆ ತೆಗೆದುಕೊಳ್ಳುವವರು ನಡುರಾತ್ರಿಯ ಕುಸಿತಕ್ಕೆ ಗುರಿಯಾಗುತ್ತಾರೆ. ಔಷಧದ ವೇಳೆಯನ್ನು ಊಟದ ವೇಳೆಗೆ ಹೊಂದಿಸಿಕೊಡಲು ವೈದ್ಯರಿಗೆ ತಮ್ಮ ವ್ರತವನ್ನು ತಿಳಿಸಿ ಹೇಳಬೇಕು. ಹೇಳದೆ ಅವರಿಗೆ ಗೊತ್ತಾಗುವುದು ಹೇಗೆ?

ಹಾಗಾದರೆ ಆ ಸಿಂಗಟಗೆರೆಯ ಗೃಹಸ್ಥರು ಮಾಡತಕ್ಕದ್ದೇನು? ಮೊದಲ ವಾರದಲ್ಲಿ ಅಕ್ಷಿಪಟದ ಪರೀಕ್ಷೆ, ಪಾದಗಳ ಸ್ಪರ್ಶಜ್ಞಾನದ ಪರೀಕ್ಷೆ, ರಕ್ತದೊತ್ತಡ, ಮೂತ್ರಪಿಂಡದ ಲೆಕ್ಕ. ಬಾಯಾರಿಕೆಯೂ ಅತಿಮೂತ್ರವೂ ನಿಲ್ಲುವಷ್ಟು ಸಕ್ಕರೆ ಕೆಲವು ವಾರಗಳಲ್ಲಿಯೇ ಇಳಿಯಬೇಕು, ಅದಕ್ಕೆ ತಡವಿಲ್ಲ. ಮೈ ಸೊರಗುತ್ತಿದ್ದರೆ ವೈದ್ಯರು ಇನ್ಸುಲಿನ್ನನ್ನೇ ಆರಂಭಿಸಬಹುದು, ಹಿಂಜರಿಯಬಾರದು. ಅಲ್ಲಿಂದ ಮುಂದೆ 12ರಿಂದ 10ಕ್ಕೆ ಒಂದು ಮೂರು ತಿಂಗಳು, 10ರಿಂದ 8ಕ್ಕೆ ಇನ್ನೊಂದು, ಆಮೇಲೆ 7ರ ಹತ್ತಿರಕ್ಕೆ. ಕಣ್ಣು, ನರ ಎರಡೂ ಚೆನ್ನಾಗಿವೆಯೆಂದು ತಿಳಿದರೆ ವೈದ್ಯರು ಇದಕ್ಕಿಂತ ಬೇಗ ನಡೆಸಿಯಾರು. ಕಣ್ಣು ಕೆಟ್ಟಿದ್ದರೆ ಮೂರು ನಾಲ್ಕು ತಿಂಗಳಿಗೊಮ್ಮೆ ಅದರ ಮರುಪರೀಕ್ಷೆ. ಈ ವರ್ಷದ ದಶಲಕ್ಷಣದಲ್ಲಿ ಅವರಿಗೆ ಅನಶನ ಸಲ್ಲದು. ಬೆಲ್ಲ-ಸಕ್ಕರೆಯ ತ್ಯಾಗ, ಮಿತಾಹಾರ, ಸ್ವಾಧ್ಯಾಯಗಳು ಸಲ್ಲುತ್ತವೆ. ಸಕ್ಕರೆ ಹತೋಟಿಗೆ ಬಂದು ನಿಂತರೆ ಮುಂದಿನ ಅನಂತ ಚತುರ್ದಶಿಗೆ, ಮಾತ್ರೆಯನ್ನು ವೈದ್ಯರು ಹೊಂದಿಸಿಕೊಟ್ಟ ಮೇಲೆ, ನೀರು ಸಹಿತವಾದ ಒಂದು ದಿನದ ಉಪವಾಸವನ್ನು ಯೋಚಿಸಬಹುದು.

ಉಪವಾಸ ಮಾಡಿದ ಮಧುಮೇಹಿಗಳು ಪಾರಣೆಯ ದಿನದಲ್ಲಿಯೂ ಎಚ್ಚರದಿಂದಿರುವುದು ಅವಶ್ಯ. ಆದಿನಾಥ ಸ್ವಾಮಿಯ ಪಾರಣೆಯು ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನು ಅರ್ಪಿಸಿದ ಕಬ್ಬಿನ ರಸದಿಂದ ಆಯಿತೆಂಬ ಸ್ಮರಣೆಯಿಂದ ಅಕ್ಷಯ ತೃತೀಯೆಯಂದು ಅದನ್ನೇ ಸೇವಿಸುವ ರೂಢಿಯಿದೆ. ಇತರ ಪಾರಣೆಗಳಲ್ಲೂ ಬೆಲ್ಲದ ಪಾನಕ, ಪಾಯಸಗಳು ಮೊದಲು ಬರುತ್ತವೆ. ಮಧುಮೇಹಿಗೆ ಅಂಗೈಯಲ್ಲಿ ಹಿಡಿಯುವಷ್ಟು ಕಬ್ಬಿನ ಹಾಲು ಪ್ರಸಾದರೂಪವಾಗಿ ಸಾಕು. ಅದರ ಮೇಲೆ ಹೆಸರುಬೇಳೆಯ ತಿಳಿ, ಮಜ್ಜಿಗೆ, ಅರ್ಧ ಊಟ. ನಿಲ್ಲಿಸಿದ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಅಂದಿನಿಂದಲೇ ಮತ್ತೆ ಆರಂಭಿಸಿ, ಊಟವಾದ ಎರಡು ಗಂಟೆಗಳಿಗೆ ಒಮ್ಮೆ, ಮರುದಿನ ಬೆಳಗ್ಗೆ ಬರಿಹೊಟ್ಟೆಯಲ್ಲಿ ಮತ್ತೊಮ್ಮೆ ಸಕ್ಕರೆಯನ್ನು ನೋಡಿ ಚೀಟಿಯಲ್ಲಿ ಬರೆದಿಟ್ಟುಕೊಂಡು, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಚೀಟಿಯನ್ನು ಕೊಂಡೊಯ್ಯುವುದು.